ಸಾಕಿದ ಮರಗಪ್ಪೆ ಒಂಬತ್ತು ದಿನಗಳಿಂದ ಆಹಾರ ಮುಟ್ಟಿಲ್ಲ, ಏನು ಮಾಡಲಿ?

ಪ್ರಶ್ನೆ (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ನಾವು ಪರವಾನಗಿ ಪಡೆದು ಸಾಕುತ್ತಿರುವ ಆಸ್ಟ್ರೇಲಿಯಾದ ಹಸಿರು ಮರಗಪ್ಪೆಗೆ ಈಗ ನಾಲ್ಕು ವರ್ಷ. ಮಗಳು ಅದಕ್ಕೆ ಪಚ್ಚೆ ಎಂದು ಹೆಸರಿಟ್ಟಿದ್ದಾಳೆ. ಎರಡು ವಾರಗಳ ಹಿಂದೆ ನಾವು ಮನೆಯಲ್ಲಿಲ್ಲದಾಗ ಗಾಜಿನ ಗೂಡಿನ ಹೀಟರ್ ಕೆಟ್ಟು, ಒಳಗಿನ ತಾಪಮಾನ 16 ಡಿಗ್ರಿಗೆ ಇಳಿದಿತ್ತು. ಬಂದ ದಿನವೇ ಹೊಸ ಹೀಟರ್ ಹಾಕಿದರೂ ಒಂಬತ್ತು ದಿನಗಳಿಂದ ಅದು ಒಂದು ಕ್ರಿಕೆಟ್ ಹುಳವನ್ನೂ ಮುಟ್ಟಿಲ್ಲ. ಹಗಲೆಲ್ಲ ಎಲೆಯ ಮರೆಯಲ್ಲಿ ಮಲಗುತ್ತಿದ್ದುದು ಈಗ ನೀರಿನ ತಟ್ಟೆಯ ಬಳಿ ಬಯಲಲ್ಲೇ ಕುಳಿತಿರುತ್ತದೆ. ನಿನ್ನೆ ಅದರ ತೊಡೆಯ ಮೇಲೆ ಒದ್ದೆಯಾದ ಈರುಳ್ಳಿ ಸಿಪ್ಪೆಯಂತೆ ಚರ್ಮದ ಚೂರುಗಳು ಅಂಟಿಕೊಂಡಿದ್ದವು. ಗಾಜನ್ನು ಹತ್ತಲು ಹೋಗಿ ಅರ್ಧಕ್ಕೇ ಜಾರಿ ಬಿತ್ತು. ಬಾಯಿ ತೆರೆಸಿ ಆಹಾರ ಕೊಡಬಹುದೇ?

ಉತ್ತರ (ಬ್ರಿಸ್ಬೇನ್)

ದಯವಿಟ್ಟು ಬಾಯಿ ತೆರೆಸಬೇಡಿ. ಮೈ ತಣ್ಣಗಾದ ಕಪ್ಪೆಗೆ ತಿಂದದ್ದು ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ಚಳಿಯಿಂದ ಮಂಕಾದ ಕಪ್ಪೆ ಗೂಡು ಬೆಚ್ಚಗಾದ ಮೂರು ನಾಲ್ಕು ದಿನಗಳಲ್ಲಿ ಚೇತರಿಸಿಕೊಳ್ಳುವುದನ್ನು ನಾನು ಹನ್ನೆರಡು ವರ್ಷಗಳಲ್ಲಿ ಹಲವು ಸಲ ಕಂಡಿದ್ದೇನೆ. ನಿಮ್ಮದು ಚೇತರಿಸಿಕೊಂಡಿಲ್ಲ. ಮೇಲಾಗಿ, ಆರೋಗ್ಯವಾಗಿರುವ ಕಪ್ಪೆ ಪೊರೆ ಬಿಟ್ಟೊಡನೆ ಅದನ್ನು ತಾನೇ ನುಂಗಿಬಿಡುತ್ತದೆ. ಚೂರುಚೂರಾಗಿ ಮೈಗೆ ಅಂಟಿದ್ದರೆ ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರವಿರಬಹುದೆಂದು ಅನುಮಾನಿಸಲೇಬೇಕು. ಈಚೆಗೆ ಗೂಡಿಗೆ ಹೊಸದಾಗಿ ಏನನ್ನಾದರೂ ಸೇರಿಸಿದ್ದಿರಾ?

ಪ್ರಶ್ನೆ ಕೇಳಿದವರು

ಹೌದು, ತಿಂಗಳ ಹಿಂದೆ ಹಳ್ಳದ ದಂಡೆಯಿಂದ ಹಸಿ ಪಾಚಿಯನ್ನು ತಂದು ಹಾಸಿದ್ದೆ. ಚೆನ್ನಾಗಿ ಕಾಣುತ್ತದೆ ಎಂದುಕೊಂಡು ಮಾಡಿದ ಕೆಲಸ. ಈಗ ತುಂಬಾ ಸಂಕಟವಾಗುತ್ತಿದೆ.

ಉತ್ತರ (ಬೆಂಗಳೂರು, ಪಶುವೈದ್ಯ)

ಕೈಟ್ರಿಡ್ ಎಂಬ ಅನುಮಾನ ಸರಿಯಾದದ್ದೇ, ಆದರೆ ಕಣ್ಣಳತೆಯಲ್ಲಿ ತೀರ್ಮಾನಿಸಿ ಔಷಧಿ ಹಾಕಬೇಡಿ. ಕಪ್ಪೆಗಳನ್ನು ನೋಡುವ ವೈದ್ಯರು ಹೊಟ್ಟೆ, ತೊಡೆ ಮತ್ತು ಬೆರಳುಗಳ ಮೇಲೆ ಹತ್ತಿಕಡ್ಡಿ ಸವರಿ ಶಿಲೀಂಧ್ರದ ಡಿಎನ್‌ಎಯನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಕಳುಹಿಸುತ್ತಾರೆ. 1998ರಲ್ಲಿ ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಸತ್ತ ಕಪ್ಪೆಗಳಲ್ಲಿ ಗುರುತಿಸಲಾದ ಈ ರೋಗ ಕೊಲ್ಲುವುದು ಚರ್ಮದ ಮೂಲಕವೇ. ಕಪ್ಪೆ ನೀರನ್ನೂ ಲವಣಗಳನ್ನೂ ಹೀರಿಕೊಳ್ಳುವುದು ಚರ್ಮದಿಂದಲೇ ಆದ್ದರಿಂದ, ಅದು ಕೆಟ್ಟಾಗ ರಕ್ತದ ಸೋಡಿಯಂ, ಪೊಟ್ಯಾಸಿಯಂ ಕುಸಿದು ಕೊನೆಗೆ ಹೃದಯವೇ ನಿಲ್ಲುತ್ತದೆ. ಶಿಲೀಂಧ್ರ ಹುಲುಸಾಗಿ ಬೆಳೆಯುವುದು 17ರಿಂದ 25 ಡಿಗ್ರಿಯ ತಂಪಿನಲ್ಲಿ. ಹೀಟರ್ ಕೆಟ್ಟ ದಿನಗಳು ಅದಕ್ಕೆ ಅನುಕೂಲವಾಗಿರಬಹುದು.

ದವಡೆ ಮೆತ್ತಗಾಗಿದೆಯೇ, ಕಾಲ್ಬೆರಳು ಅದುರುತ್ತವೆಯೇ ಎಂಬುದನ್ನೂ ವೈದ್ಯರಿಗೆ ತಿಳಿಸಿ, ಏಕೆಂದರೆ ಕ್ಯಾಲ್ಸಿಯಂ ಮತ್ತು ಯುವಿಬಿ (ನೇರಳಾತೀತ) ಬೆಳಕಿನ ಕೊರತೆಯಿಂದ ಬರುವ ಮೂಳೆರೋಗದಲ್ಲಿಯೂ ಕಪ್ಪೆ ಹತ್ತಲಾರದೆ ಜಾರುತ್ತದೆ. ಅಲ್ಲಿಯವರೆಗೆ ಪಾಚಿ, ಮಣ್ಣು ಎಲ್ಲವನ್ನೂ ತೆಗೆದು, ಕ್ಲೋರಿನ್ ನೀಗಿಸಿದ ನೀರಿನಲ್ಲಿ ಅದ್ದಿದ ಅಡುಗೆಮನೆಯ ಕಾಗದವನ್ನು ಹಾಸಿ ಅದನ್ನು ಪ್ರತಿದಿನ ಬದಲಿಸಿ. ಪುಡಿಯಿಲ್ಲದ ಕೈಗವಸನ್ನು ಒದ್ದೆ ಮಾಡಿಕೊಂಡೇ ಕಪ್ಪೆಯನ್ನು ಮುಟ್ಟಿ. ಆ ಪಾಚಿಯನ್ನಾಗಲಿ ತಟ್ಟೆಯ ನೀರನ್ನಾಗಲಿ ತೋಟಕ್ಕೆ ಚೆಲ್ಲಬೇಡಿ, ಬ್ಲೀಚ್ ಬೆರೆಸಿಯೇ ವಿಲೇವಾರಿ ಮಾಡಿ. ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿಯೂ ಈ ಶಿಲೀಂಧ್ರ ಪತ್ತೆಯಾಗಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಪರೀಕ್ಷೆಯಲ್ಲಿ ಕೈಟ್ರಿಡ್ ಇರುವುದು ಖಚಿತವಾಯಿತು. ವೈದ್ಯರು ತೆಳುಗೊಳಿಸಿ ಕೊಟ್ಟ ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕದ ದ್ರಾವಣದಲ್ಲಿ ದಿನಕ್ಕೆ ಐದು ನಿಮಿಷದಂತೆ 11 ದಿನ ಮೀಯಿಸಿದೆವು. ಪ್ರತಿ ಸಲವೂ ಸ್ವಚ್ಛಗೊಳಿಸಿದ ಬೇರೆ ಡಬ್ಬಿಗೆ ಅದನ್ನು ವರ್ಗಾಯಿಸುತ್ತಿದ್ದೆವು. ಮೊದಲ ನಾಲ್ಕು ದಿನ ಅದು ಕಣ್ಣು ಮುಚ್ಚಿಕೊಂಡೇ ಇತ್ತು, ಮಗಳು ಡಬ್ಬಿಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. 38 ಗ್ರಾಂ ಇದ್ದ ತೂಕ 31ಕ್ಕೆ ಇಳಿದಿತ್ತು, ಇಂದು 33 ಆಗಿದೆ. ಮೊನ್ನೆ ರಾತ್ರಿ ಇಕ್ಕಳದ ತುದಿಯಲ್ಲಿ ಹಿಡಿದ ಹುಳವನ್ನು ಎರಡು ಸಲ ಗುರಿ ತಪ್ಪಿ, ಮೂರನೆಯ ಸಲ ಕಚ್ಚಿಕೊಂಡಿತು. ಮರುಪರೀಕ್ಷೆಯ ಫಲಿತಾಂಶ ಬರುವವರೆಗೆ ಹಳೆಯ ಗೂಡಿಗೆ ಬಿಡುವುದಿಲ್ಲ. ನಿಮ್ಮಿಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.