ಆಗುಂಬೆ ಘಾಟಿಯಲ್ಲಿ ಬ್ರೇಕ್ ಕೈಕೊಟ್ಟಿತು. ಡಿಸ್ಕ್ ಬ್ರೇಕ್ ಸೈಕಲ್ ತಗೋಬೇಕಾ?

ಹಳೇಗಾಲಿ:

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ತೀರ್ಥಹಳ್ಳಿಯಿಂದ ಆಗುಂಬೆ ಮೇಲೆ ಉಡುಪಿಗೆ ಸೈಕಲ್ ತುಳಿದೆ. ಸುಮಾರು 85 ಕಿ.ಮೀ. ಪುಷ್ಯ ಮಳೆ ಹಿಡಿದ ಮೂರನೇ ದಿನ. ಬೇಡ ಅಂದವರ ಮಾತು ಕೇಳಲಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡ್ತೇನೆ.

ನನ್ನದು ಹದಿನೈದು ವರ್ಷದ ಸ್ಟೀಲ್ ಫ್ರೇಮ್ ಸೈಕಲ್, ಚಕ್ರದ ಅಂಚನ್ನೇ ಎರಡು ಪ್ಯಾಡ್ ಹಿಡಿಯುವ ರಿಮ್ ಬ್ರೇಕ್, 32 ಎಂಎಂ ಟೈರ್. ಕ್ಯಾರಿಯರ್ ಮೇಲೆ ಗೊಬ್ಬರದ ಚೀಲದಲ್ಲಿ ಸುತ್ತಿದ ಒಂದು ಬ್ಯಾಗು. ಮೇಗರವಳ್ಳಿವರೆಗೆ ಮಳೆ ಇದ್ದರೂ ಹಿತವಾಗಿತ್ತು. ಗುಡ್ಡೇಕೇರಿ ಹತ್ತಿರ ಗಾಳಿ ಶುರುವಾಯಿತು. ಏರು ತುಳಿಯುವಾಗ ಮೈಯೆಲ್ಲ ಬಿಸಿ. ರೈನ್‌ಕೋಟಿನ ಹೊರಗೆ ಮಳೆ, ಒಳಗೆ ಬೆವರು. ಸಾಕಾಗಿ ಆಗುಂಬೆ ಪೇಟೆಯಲ್ಲಿ ಅದನ್ನು ಬಿಚ್ಚಿ ಬ್ಯಾಗಿಗೆ ತುರುಕಿದೆ. ಹೇಗೂ ಒದ್ದೆಯಾಗಿದ್ದೇನೆ, ಇನ್ನು ಇಳಿಯೋದೇ ತಾನೆ ಅಂದುಕೊಂಡೆ.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಸೂರ್ಯಾಸ್ತ ನೋಡುವ ಕಟ್ಟೆ ಹತ್ತಿರ ಬರೀ ಬಿಳಿ ಮಂಜು. ಎರಡು ತಿರುವು ಚೆನ್ನಾಗೇ ಬಂದೆ. ಮೂರನೆಯದರಲ್ಲಿ ಬ್ರೇಕ್ ಒತ್ತಿದರೆ ಏನೂ ಆಗಲಿಲ್ಲ. ಚಕ್ರ ಒಂದೆರಡು ಸುತ್ತು ತಿರುಗಿದ ಮೇಲೆ ಹಿಡಿಯಿತು. ಐದನೆಯದರ ಹೊತ್ತಿಗೆ ಲಿವರ್ ಹ್ಯಾಂಡಲ್‌ಗೇ ಬಂದು ತಾಗಿತು. ರಿಮ್‌ನಿಂದ ಕರ್ರ್ ಅಂತ ಸದ್ದು. ಪೆನ್ಸಿಲ್ ಕಡ್ಡಿ ಅರೆದು ಕಲಸಿದ ಹಾಗೆ ಬೂದು ನೀರು ಫೋರ್ಕ್ ಮೇಲೆ ಇಳೀತಿತ್ತು. ಕೆಳಗಿಂದ ಮಿನಿಬಸ್ ಹಾರನ್ ಹೊಡೀತಾ ಬಂತು. ಎಡಗಾಲು ನೆಲಕ್ಕೆ ಊರಿ, ಚಪ್ಪಲಿ ಉಜ್ಜಿಕೊಂಡು, ರಸ್ತೆ ಪಕ್ಕಕ್ಕೆ ಸೈಕಲ್ ಸಮೇತ ಬಿದ್ದೆ. ಮಂಡಿ ತರಚಿದ್ದು ಬಿಟ್ಟರೆ ಏನಾಗಲಿಲ್ಲ.

ಮಿಕ್ಕ ಒಂಬತ್ತು ತಿರುವು ತಳ್ಳಿಕೊಂಡೇ ಇಳಿದೆ. ಗಡಗಡ ನಡುಕ. ಬಿಸ್ಕೆಟ್ ಪೊಟ್ಟಣ ಬಿಡಿಸೋಕೆ ಬೆರಳು ಬಗ್ಗಲಿಲ್ಲ. ಹಲ್ಲಲ್ಲಿ ಕಚ್ಚಿ ಹರಿದೆ, ಅರ್ಧ ಬಿಸ್ಕೆಟ್ ರಸ್ತೆ ನೀರಲ್ಲಿ ತೇಲಿಹೋದವು. ಸೋಮೇಶ್ವರದಲ್ಲಿ ಹೋಟೆಲಿನ ಅಮ್ಮ ಬಿಸಿ ಕಷಾಯ ಕೊಟ್ಟು, "ಬಸ್ ಸಿಗ್ಲಿಲ್ವಾ ಮಾರಾಯ್ರೆ?" ಅಂದರು. ಬೈಕ್ ರಿಪೇರಿ ಹುಡುಗ ಒಬ್ಬ ಕೇಬಲ್ ಎಳೆದು ಬಿಗಿ ಮಾಡಿಕೊಟ್ಟ. ದುಡ್ಡು ಬೇಡ ಅಂದ. ಹೆಬ್ರಿ ಆದ ಮೇಲೆ ಆರಾಮ ಅಂದುಕೊಂಡಿದ್ದೆ. ಉಡುಪಿವರೆಗೂ ಕಡಲ ಕಡೆಯ ಗಾಳಿ ಎದೆಗೇ ಹೊಡೀತು.

ಹೊರಡುವ ಮುಂಚೆ ಸರ್ವಿಸ್‌ಗೆ ಕೊಟ್ಟಿದ್ದೆ. "ಪ್ಯಾಡ್ ಚೆನ್ನಾಗಿದೆ ಸರ್" ಅಂದಿದ್ದರು. ಈಗ ನೋಡಿದರೆ ರಬ್ಬರ್ ಮುಗಿದು ಒಳಗಿನ ತಗಡು ಕಾಣ್ತಿದೆ. ಒಂದೇ ದಿನಕ್ಕೆ ಹೀಗೆ ಸವೆಯುತ್ತಾ? ಡಿಸ್ಕ್ ಇರೋ ಸೈಕಲ್ ತಗೊಳ್ಳಲಾ? ದಸರಾ ರಜೆಯಲ್ಲಿ ಇದೇ ದಾರಿ ಕೆಳಗಿಂದ ಹತ್ತಬೇಕು ಅಂತಿದೆ, ಅಷ್ಟು ಹೊತ್ತಿಗೆ ಮಳೆ ಕಾಟ ಇರಲ್ಲ ಅಲ್ವಾ?

ಸ್ಪೋಕ್‌ಮಾವ:

ಸವೆಯುತ್ತೆ ಸರ್. ನಾನು ಇಪ್ಪತ್ತೆರಡು ವರ್ಷದಿಂದ ಸೈಕಲ್ ರಿಪೇರಿ ಮಾಡ್ತಿದ್ದೇನೆ. ಮಳೆಯಲ್ಲಿ ರಸ್ತೆಯ ಮರಳು ಎದ್ದು ರಿಮ್‌ಗೆ ಅಂಟುತ್ತೆ. ನೀವು ಬ್ರೇಕ್ ಹಿಡಿದಾಗ ಪ್ಯಾಡಿಗೂ ರಿಮ್ಮಿಗೂ ನಡುವೆ ಉಪ್ಪುಕಾಗದ ಇಟ್ಟು ಉಜ್ಜಿದ ಹಾಗೆ. ಆ ಬೂದು ನೀರು ಬರೀ ಕೊಳೆ ಅಲ್ಲ, ನಿಮ್ಮ ರಿಮ್ಮಿನ ಅಲ್ಯೂಮಿನಿಯಂ ಕೂಡ ಅದರಲ್ಲಿದೆ. ಒಂದ್ಸಲ ರಿಮ್ ಮೇಲೆ ಬೆರಳಾಡಿಸಿ ನೋಡಿ. ತಗಡು ಉಜ್ಜಿದ್ದರೆ ಗೀರು ಸಿಗುತ್ತೆ. ಬದಿ ಒಳಕ್ಕೆ ಬಟ್ಟಲಿನ ಹಾಗೆ ತಗ್ಗಿದ್ದರೆ ರಿಮ್ಮೇ ಬದಲಿಸಿ, ಪ್ಯಾಡ್ ಆಮೇಲೆ.

ಸರ್ವಿಸ್ ಮಾಡಿದವರನ್ನು ಪೂರ್ತಿ ಬೈಯಬೇಡಿ. ಪ್ಯಾಡ್ ಮೇಲೆ ಸವೆತ ತಿಳಿಯೋಕೆ ಗೀರಿನ ತರ ತೋಡು ಇರುತ್ತೆ. ಅದು ಅರ್ಧ ಮಾಸಿದ್ದರೂ ಬೆಂಗಳೂರಿನ ಬಿಸಿಲಿಗೆ ಆರು ತಿಂಗಳು ಬರುತ್ತೆ. ಘಾಟಿ ಮಳೆಗೆ ಅರ್ಧ ದಿನವೂ ಬರಲ್ಲ. ಎಲ್ಲಿಗೆ ಹೋಗ್ತೀರಿ ಅಂತ ಅವರು ಕೇಳಬೇಕಿತ್ತು, ಅಷ್ಟೇ.

ನಿಮ್ಮ ಫ್ರೇಮಿಗೆ ಡಿಸ್ಕ್ ಕೂರಿಸೋಕೆ ಆಗಲ್ಲ. ಫ್ರೇಮಿಗೂ ಫೋರ್ಕಿಗೂ ಅದನ್ನು ಬಿಗಿಯೋ ಕಿವಿ ಇರಬೇಕು, ಚಕ್ರದ ನಡುವಿನ ಹಬ್ ಬೇರೆ ಬೇಕು. ಅಂದರೆ ಹೊಸ ಸೈಕಲ್ಲೇ. ಮಳೆಯಲ್ಲಿ ಡಿಸ್ಕ್ ಒಳ್ಳೆಯದು, ಸುಳ್ಳು ಹೇಳಲ್ಲ. ಆದರೆ ವರ್ಷಕ್ಕೆರಡು ಸಲ ಹೋಗೋರಿಗೆ ಮಳೆಗೆಂದೇ ಬರುವ ಮೆತ್ತನೆ ಪ್ಯಾಡ್ ಸಾಕು. ಕೂಲ್‌ಸ್ಟಾಪ್‌ನ ಕೇಸರಿ ಬಣ್ಣದ್ದು ಸಿಕ್ಕರೆ ಹಾಕಿಸಿ, ಇನ್ನೊಂದು ಜೊತೆ ಬ್ಯಾಗಲ್ಲಿರಲಿ.

ಇನ್ನೊಂದು. ತಿರುವು ಬಂದ ಮೇಲೆ ಬ್ರೇಕ್ ಹಿಡೀಬೇಡಿ. ಮುಂಚೆಯೇ ಮೆಲ್ಲಗೆ ತಾಗಿಸಿ ರಿಮ್ಮಿನ ನೀರು ಒರೆಸಿ, ಆಮೇಲೆ ಗಟ್ಟಿ ಹಿಡೀರಿ. ಲಿವರ್ ಒಳಗೆ ಬರ್ತಾ ಇದೆ ಅನಿಸಿದರೆ ಕೇಬಲ್ ಶುರುವಾಗೋ ಕಡೆ ಸಣ್ಣ ತಿರುಗಣೆ ಇದೆಯಲ್ಲ, ಅದನ್ನು ಬಿಚ್ಚೋ ದಿಕ್ಕಿಗೆ ಎರಡು ಸುತ್ತು ತಿರುಗಿಸಿ. ಸ್ಪ್ಯಾನರ್ ಬೇಡ.

ಮಡ್‌ಗಾರ್ಡ್ ಅಕ್ಕ:

ರೈನ್‌ಕೋಟ್ ವಿಷಯದಲ್ಲಿ ನೀವು ಮಾಡಿದ್ದು ಪೂರ್ತಿ ಉಲ್ಟಾ. ಏರಿನಲ್ಲಿ ಬಿಚ್ಚಬೇಕು, ಇಳಿಯುವ ಮುಂಚೆ ಹಾಕಬೇಕು. ಇಳಿಯುವಾಗ ತುಳಿತ ಇಲ್ಲ, ಮೈಯಲ್ಲಿ ಬಿಸಿ ಹುಟ್ಟಲ್ಲ, ಒದ್ದೆ ಬಟ್ಟೆಗೆ ಗಾಳಿ. ನಾನೂ ಇದನ್ನು ಕಲಿತದ್ದು ಒಂದು 200 ಕಿ.ಮೀ. ಬ್ರೆವೆಯಲ್ಲಿ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯಲ್ಲಿ. ಅದಕ್ಕೆ ಹದಿಮೂರೂವರೆ ಗಂಟೆ ಗಡುವು. ನಿಂತರೆ ಹೊತ್ತಾಗುತ್ತೆ ಅಂತ ಕೋಟು ಹಾಕದೆ ಇಳಿದೆ. ಕೆಳಗೆ ಬಂದಾಗ ಗೇರ್ ಬದಲಿಸೋಕೆ ಹೆಬ್ಬೆರಳು ಕೇಳಲಿಲ್ಲ, ಅಂಗೈಯಿಂದ ಗುದ್ದಿ ಬದಲಿಸಿದೆ.

ನಿಮ್ಮ ಬ್ರೇಕ್ ಕೈಕೊಟ್ಟಿದ್ದರಲ್ಲಿ ಅರ್ಧ ಪಾಲು ಬೆರಳಿನದ್ದೇ ಇರಬಹುದು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಒಂದು ಜೊತೆ ಇಟ್ಟುಕೊಳ್ಳಿ. ನೋಡಿದವರು ನಗ್ತಾರೆ, ನಗಲಿ. ಘಾಟಿ ಶುರುವಾಗೋ ಮುಂಚೆ ಹೋಟೆಲಲ್ಲಿ ನಿನ್ನೆಯ ಪೇಪರ್ ಕೇಳಿ ಎದೆ ಮೇಲೆ, ಅಂಗಿ ಒಳಗೆ ಹಾಕಿಕೊಳ್ಳಿ. ಮೇಲೆ ರೈನ್‌ಕೋಟ್. ಬಿಸ್ಕೆಟ್ ಬದಲು ಕಡಲೆ ಚಿಕ್ಕಿ, ಅದೂ ಮನೆಯಲ್ಲೇ ಪೊಟ್ಟಣ ಬಿಡಿಸಿ ಜೇಬಿಗೆ.

ಅಡಿಕೆದೋಟ:

ನಮ್ಮ ಮನೆ ಗುಡ್ಡೇಕೇರಿ ಕಡೆ. ಭಾನುವಾರ ಹಸಿರು ಚೀಲ ಕಟ್ಟಿಕೊಂಡು ಹೋದವರು ನೀವೇನಾ? ನಮ್ಮ ಅಪ್ಪಯ್ಯ ಜಗಲಿಯಲ್ಲಿ ಕೂತು ನೋಡಿ, "ಯಾರೋ ಮನೆ ಬಿಟ್ಟು ಹೊರಟಿದ್ದಾನೆ ಪಾಪ" ಅಂದಿದ್ದರು.

ಬ್ರೇಕ್ ನನಗೆ ಗೊತ್ತಿಲ್ಲ, ಮಳೆ ಗೊತ್ತು. ಆಷಾಢದ ಮಳೆಯಲ್ಲಿ ಗುಡುಗು ಸಿಡಿಲು ಕಮ್ಮಿ. ಭಯ ಇರೋದು ಗಾಳಿ, ಮರದ್ದು. ನೆಲ ನೆನೆದು ಬೇರು ಸಡಿಲ ಆಗಿರುತ್ತೆ. ಮಳೆ ಜೋರಾಯಿತು ಅಂತ ಮರದ ಕೆಳಗೆ ನಿಲ್ಲಬೇಡಿ, ಬಸ್ ಸ್ಟ್ಯಾಂಡೋ ಯಾರದಾದರೂ ಜಗಲಿಯೋ ನೋಡಿ. ಪಂಕ್ಚರ್ ಆದರೂ ಹುಲ್ಲಿಗೆ ಇಳಿಯದೆ ಟಾರಿನ ಮೇಲೇ ಕೂತು ಹಾಕಿ. ಹುಲ್ಲಲ್ಲಿ ಇಂಬಳ, ಅಂದರೆ ಜಿಗಣೆ, ಇರುತ್ತೆ. ಅದು ಮರದಿಂದ ಉದುರುತ್ತೆ ಅಂತ ಪೇಟೆಯವರು ಮೇಲೆ ನೋಡ್ತಿರುತ್ತಾರೆ. ಅದು ಬರೋದು ನೆಲದಿಂದ, ಕಾಲಿಗೆ.

ದಸರಾ ಹೊತ್ತಿನದು ಬೇರೆ ತರ. ಬೆಳಗ್ಗೆ ಚೊಕ್ಕ ಬಿಸಿಲು. ಮಧ್ಯಾಹ್ನ ಮೋಡ ಕಟ್ಟಿ ಸಂಜೆಗೆ ಸಿಡಿಲು. ಒಂದೇ ಗಂಟೆ ಹೊಡೆದರೂ ಅದು ಕೆಟ್ಟದ್ದು. ಸೋಮೇಶ್ವರದಿಂದ ಏಳಕ್ಕೆ ಹೊರಟು ಹನ್ನೊಂದರೊಳಗೆ ಮೇಲೆ ಬನ್ನಿ. ಮಿಂಚಿದ ಮೇಲೆ ಎಣಿಸಿ. ಮೂವತ್ತು ಎಣಿಸೋದರೊಳಗೆ ಗುಡುಗು ಕೇಳಿದರೆ ಹತ್ತು ಕಿ.ಮೀ. ಒಳಗೇ ಇದೆ ಅಂತ ಲೆಕ್ಕ. ಗೋಡೆ ಸೂರು ಇರೋ ಕಡೆ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಬಿಟ್ಟು ಹೊರಡಿ. ರಬ್ಬರ್ ಟೈರ್ ಇದೆ ಅಂತ ಧೈರ್ಯ ಬೇಡ.

ಹಳೇಗಾಲಿ:

ಹಸಿರು ಚೀಲ ನನ್ನದೇ! ಅಪ್ಪಯ್ಯನವರಿಗೆ ಹೇಳಿ, ಮನೆಯಲ್ಲಿ ಹೇಳಿಯೇ ಹೊರಟಿದ್ದೆ.

ಸ್ಪೋಕ್‌ಮಾವ, ರಿಮ್ ಮುಟ್ಟಿ ನೋಡಿದೆ. ಹಿಂದಿನದು ಸರಿ ಇದೆ. ಮುಂದಿನದರಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು, ಸುತ್ತಲೂ. ಬದಿ ಸ್ವಲ್ಪ ತಗ್ಗಿದೆ ಅಂತಲೂ ಅನಿಸ್ತಿದೆ. ಸ್ಕೇಲ್ ಇಟ್ಟು ಫೋಟೋ ತೆಗೆದು ಸಂಜೆ ಹಾಕ್ತೇನೆ, ನೋಡಿ ಹೇಳಿ.