ಜಾವಾದ ಗಮೆಲಾನ್ ಪರಿಚಯಿಸೋದು ಎಲ್ಲಿಂದ ಶುರು ಮಾಡಬೇಕು?

ಬೆಣ್ಣೆನಗರಿ_ಕೇಳುಗ (ದಾವಣಗೆರೆ):
ಮುಂದಿನ ತಿಂಗಳು ಇಲ್ಲಿ ಒಂದೂವರೆ ಗಂಟೆಯ ಸಂಗೀತ ಕೇಳೋ ಕೂಟ ಇದೆ. ಮೂವತ್ತು ಜನ ಬರ್ತಾರೆ, ಬಹುತೇಕರು ಹಿಂದೂಸ್ತಾನಿ, ವಚನ ಗಾಯನ ಕೇಳಿ ಪಳಗಿದವರು. ಅವರಿಗೆ ಗಮೆಲಾನ್, ಅಂದರೆ ಕಂಚಿನ ಗಾಂಗ್, ಲೋಹಪಟ್ಟಿಗಳ ವಾದ್ಯಮೇಳ, ಕೇಳಿಸಬೇಕು. ಸುಮ್ಮನೆ ಹಾಕಿಬಿಟ್ಟರೆ "ಪಾತ್ರೆ ಬಡಿದಂಗಿದೆ, ಶ್ರುತಿ ಇಲ್ಲ" ಅಂತಾರೇನೋ ಅನ್ನೋ ಅಳುಕು. ಯಾವ ಕೃತಿ ಹಾಕಲಿ? ಮೊದಲು ಏನು ಹೇಳಲಿ? ಸ್ಪೀಕರ್ ಎಂಥದ್ದು ಬೇಕು?

ಏಳುಸುತ್ತಿನ_ಕಿವಿ (ಚಿತ್ರದುರ್ಗ):
'ಕೇತವಾಂಗ್ ಪುಸ್ಪವರ್ನ' ಹಾಕ್ರಿ ಸರ್. ಕೇತವಾಂಗ್ ಅಂದರೆ ಹದಿನಾರು ಮಾತ್ರೆಯ ಸುತ್ತಿನ ರಚನೆ, ಪುಸ್ಪವರ್ನ ಅಂದರೆ ನಮ್ಮ ಪುಷ್ಪವರ್ಣವೇ. 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿದ್ದು ಇದೇ ಕೃತಿ. ಆ ಧ್ವನಿಮುದ್ರಣ ಐದು ನಿಮಿಷಕ್ಕೂ ಕಮ್ಮಿ, ಎರಡು ಸಲ ಕೇಳಿಸಬಹುದು.

ಆದರೆ ಹಾಕೋ ಮುಂಚೆ ಆವರ್ತನವನ್ನ ಜನರ ಕೈಯಲ್ಲಿ ಹಾಕಿಸಿ. ಇದನ್ನ ಬಿಟ್ಟರೆ ಉಳಿದ ವಿವರಣೆಯೆಲ್ಲ ನೀರಲ್ಲಿ ಹೋಮ. ಬೋರ್ಡ್ ಮೇಲೆ 1ರಿಂದ 16 ಬರೀರಿ. 2, 6, 10, 14ಕ್ಕೆ ಕೆತುಕ್ (ಅಡ್ಡ ಇಟ್ಟ ಪುಟ್ಟ ಗಾಂಗ್). 8 ಮತ್ತು 16ಕ್ಕೆ ಕೆನೋಂಗ್ (ಅಡ್ಡ ಇಟ್ಟ ದೊಡ್ಡ ಮಡಕೆಯಂಥ ಗಾಂಗ್). 12ಕ್ಕೆ ಕೆಂಪುಲ್ (ತೂಗುಹಾಕಿದ ಸಣ್ಣ ಗಾಂಗ್). 16ಕ್ಕೆ ಕೆನೋಂಗ್ ಜೊತೆಗೇ ದೊಡ್ಡ ಗಾಂಗ್. ನಾಲ್ಕು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ವಾದ್ಯ. ಮೂರು ಗುಂಪು ಬಾಯಲ್ಲಿ "ತುಕ್", "ನೋಂಗ್", "ಪುಲ್" ಅನ್ನಲಿ, ಗಾಂಗ್‌ನವರು ಅಂಗೈಯಿಂದ ನೆಲ ತಟ್ಟಲಿ. ಐದಾರು ಸುತ್ತು ಸಾಕು.

ಎಲ್ಲರೂ ಎಡವೋದು ಒಂದೇ ಕಡೆ: ಗಾಂಗ್ ಬಿದ್ದ ಕೂಡಲೇ "ಸಮ್ ಬಂತು" ಅಂತ ಅದನ್ನ 1 ಅಂತ ಎಣಿಸಿಬಿಡ್ತಾರೆ. ಹಿಂದೂಸ್ತಾನಿಯ ಹದಿನಾರು ಮಾತ್ರೆಯ ತೀನ್‌ತಾಲದಲ್ಲಿ ಸಮ್ ಬಂದು ಸೇರೋ ಜಾಗವೂ ಹೌದು, ಹೊಸ ಎಣಿಕೆಯ ಮೊದಲ ಮಾತ್ರೆಯೂ ಹೌದು. ಇಲ್ಲಿ ಗಾಂಗ್ ಕೊನೇ ಮಾತ್ರೆ. ನಾಲ್ಕು ಮಾತ್ರೆಯ ಪ್ರತಿ ತುಂಡಿಗೂ 'ಗತ್ರ' ಅಂತಾರೆ, ಅದರಲ್ಲೂ ಭಾರ ಬೀಳೋದು ನಾಲ್ಕನೆಯದರ ಮೇಲೇ. ಎಣಿಕೆ ಒಂದು ಮಾತ್ರೆ ಜಾರಿತೋ, ಇಡೀ ರಾಗದ ಸಾಲು ಹೆಳವನ ನಡಿಗೆಯಂತೆ ಕೇಳುತ್ತೆ. ಶುರುವಿನ ಸಣ್ಣ ಪೀಠಿಕೆ, ಅಂದರೆ 'ಬುಕ', ಗಾಂಗ್‌ನಲ್ಲಿ ಮುಗಿಯುತ್ತೆ. ಎಣಿಕೆ ಅದರ ಮುಂದಿನ ಮಾತ್ರೆಯಿಂದ.

ಕಂಚಿನ_ನಾದ:
ಶ್ರುತಿಯ ವಿಚಾರ. ಈ ಕೃತಿ ಸ್ಲೆಂಡ್ರೋ ಅನ್ನೋ ಜಾವಾದ ಸ್ವರಶ್ರೇಣಿಯಲ್ಲಿದೆ, ಐದು ಸ್ವರ. ಕೇಳುಗರು ಮೊದಲು ಭೂಪಾಲಿ ರಾಗ ಅಂದ್ಕೊಳ್ತಾರೆ, ಆಮೇಲೆ ಸ್ವರ ಜಾರಿದೆ ಅಂತಾರೆ. ಸಪ್ತಕವನ್ನ 1200 ಸೆಂಟ್ ಅಂತ ಹಿಡಿದರೆ ಭೂಪಾಲಿಯ ಅಂತರಗಳು ಸುಮಾರು 200, 200, 300, 200, 300. ಸ್ಲೆಂಡ್ರೋದಲ್ಲಿ ಐದೂ 240ರ ಆಸುಪಾಸು, ಅದೂ ಮೇಳದಿಂದ ಮೇಳಕ್ಕೆ ಬೇರೆ. ಒಂದು ಮೇಳದ ವಾದ್ಯ ಇನ್ನೊಂದಕ್ಕೆ ಕೂಡಿಬರಲ್ಲ. ಹಾರ್ಮೋನಿಯಂನಲ್ಲಿ ಸ್ವರ ತೋರಿಸೋಕೆ ಹೋಗಲೇಬೇಡಿ, ತಂಬೂರಿ ಆಪ್ ಕೂಡ ಬೇಡ.

ಪಾತ್ರೆ ಬಡಿದಂಗೆ ಕೇಳೋದು ಹೆಚ್ಚಾಗಿ ಸ್ಪೀಕರ್ ತಪ್ಪಿನಿಂದ. ದೊಡ್ಡ ಗಾಂಗ್‌ನ ಮೂಲ ಸ್ವರ ಸುಮಾರು 50 ಹರ್ಟ್ಸ್. ಫೋನ್, ಪುಟ್ಟ ಬ್ಲೂಟೂತ್ ಡಬ್ಬಿ ಅದನ್ನ ಹೊರಡಿಸಲ್ಲ, ಮೇಲಿನ ಟಣಟಣ ಮಾತ್ರ ಉಳಿಯುತ್ತೆ. 10–12 ಇಂಚಿನ ವೂಫರ್ ಇರೋ ಬಾಕ್ಸ್ ಬಾಡಿಗೆಗೆ ತನ್ನಿ, ಆದರೆ ಮೂಲೆಗೆ ಇಡಬೇಡಿ. ಗಾಂಗ್ ದನಿ ನಿಧಾನಕ್ಕೆ ಅಲೆಯಲೆಯಾಗಿ ಏರಿಳಿಯುತ್ತೆ, ಅದಕ್ಕೆ 'ಒಂಬಕ್' ಅಂತ ಹೆಸರು. ಮೂಲೆಯಲ್ಲಿಟ್ಟರೆ ಅದು ಗುಂಯ್ ಅಂತ ಕಲಸಿಹೋಗುತ್ತೆ. ನಮ್ಮ ಜಾಗಟೆ ಜೊತೆ ಹೋಲಿಸಿ ಹೇಳಿ, ಬೇಗ ಹತ್ತುತ್ತೆ: ಜಾಗಟೆ ಚಪ್ಪಟೆ, ಏಟು ಕಟ್ಟಿಗೆಯದು. ಗಾಂಗ್‌ಗೆ ನಡುವೆ ಗುಬುಟು ಇರುತ್ತೆ, ಅದಕ್ಕೆ ಮೆತ್ತೆ ಸುತ್ತಿದ ಕೋಲಿನ ಏಟು.

ಬೆಣ್ಣೆನಗರಿ_ಕೇಳುಗ:
ದೊಡ್ಡ ಉಪಕಾರ ಆಯ್ತು ಇಬ್ಬರಿಂದಲೂ. ಎರಡನೇ ಸಲ ಹಾಕಿದಾಗ ಯಾವುದರ ಮೇಲೆ ಕಿವಿ ಇಡಿಸಲಿ? ಲಯ ನಡುವೆ ಕುಸಿದಂತೆ ಕೇಳುತ್ತಲ್ಲ?

ಏಳುಸುತ್ತಿನ_ಕಿವಿ:
ಕುಸಿಯೋದಲ್ಲ ಸರ್, ಅದು 'ಇರಾಮ' ಬದಲಾಗೋದು. ಕೆಂಡಾಂಗ್ ಅನ್ನೋ ಮದ್ದಳೆ ಬಾರಿಸೋರು ಮೂಲ ಸಾಲನ್ನ ಹಿಗ್ಗಿಸ್ತಾರೆ, ಆ ಜಾಗವನ್ನ ಸಣ್ಣ ವಾದ್ಯಗಳು ತುಂಬುತ್ತವೆ. ಮೂಲ ಸಾಲಿನ ಒಂದು ಪೆಟ್ಟಿಗೆ ಎರಡು ಹೊಡೀತಿದ್ದ ಪೆಕಿಂಗ್ (ಎತ್ತರದ ದನಿಯ ಪುಟ್ಟ ಲೋಹಪಟ್ಟಿ ವಾದ್ಯ) ಈಗ ನಾಲ್ಕು ಹೊಡೆಯುತ್ತೆ. ಅದರ ಸ್ವಂತ ಓಟ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಎರಡನೇ ಸಲ ಅರ್ಧ ಜನ ಪೆಕಿಂಗ್ ಹಿಡೀಲಿ, ಇನ್ನರ್ಧ ಗಾಂಗ್‌ಗೆ ಕಾಯಲಿ.

ಹುಡುಕುವಾಗ ಜೋಪಾನ, ಗಮೆಲಾನ್ ಅಂದರೆ ಬಾಲಿಯದ್ದೂ ಬರುತ್ತೆ. ಅದರ ಸಿಡಿಲಿನಂಥ ಓಟ ಮೊದಲು ಕೇಳಿಸಿದರೆ ಜಾವಾದ ಅರಮನೆ ಸಂಗೀತ ಸಪ್ಪೆ ಅನ್ನಿಸುತ್ತೆ. ಆ ದಿನ ಬಾಲಿ ಬೇಡವೇ ಬೇಡ.