ಬಲಗೈ ಜೋಮು ಹೋಗ್ತಾನೇ ಇಲ್ಲ, ಸ್ಪ್ಲಿಂಟ್ ಹಾಕಿದ್ರೂ

ನಂದಿ_ರೈಡರ್: ಸಾಕಾಗಿದೆ. ಕೈ ಜೋಮು, ಹಿಡಿತವೂ ಕಮ್ಮಿ. ಸೈಕಲ್‌ಗೆ ಅಂತ ಜೆಲ್ ಗ್ಲೌಸ್, ಹ್ಯಾಂಡಲ್‌ಗೆ ದಪ್ಪ ಬಾರ್ ಟೇಪ್ ಎಲ್ಲಾ ಹಾಕಿ ನೋಡಿದೆ. ಕಾರ್ಪಲ್ ಟನಲ್ (ಮಣಿಕಟ್ಟಲ್ಲಿ ನರ ಒತ್ತೋದು) ಅಂತ ಮಣಿಕಟ್ಟಿಗೆ ಸ್ಪ್ಲಿಂಟ್ ಪಟ್ಟಿ ಕೊಟ್ರು, ಏನೂ ಉಪಯೋಗ ಆಗಿಲ್ಲ.

ಜಯನಗರ_ಗೇರ್: ಸೀಟಿನ ಮೂತಿ ತಗ್ಗಿರುತ್ತೆ ಗುರು. ಭಾರವೆಲ್ಲ ಅಂಗೈ ಮೇಲೆ. ಸ್ಟೆಮ್ (ಹ್ಯಾಂಡಲ್ ಹಿಡಿಯೋ ಕೊಂಡಿ) ಎಷ್ಟು ಉದ್ದ?

ನಂದಿ_ರೈಡರ್: ಸೀಟ್ ಲೆವೆಲ್ ಇದೆ. ಸ್ಟೆಮ್ 100 ಎಂಎಂ.

ಜಯನಗರ_ಗೇರ್: ಅದೇ ನೋಡು! 80 ಹಾಕು, ಕೆಳಗೆ ಎರಡು ಸ್ಪೇಸರ್ ಬಳೆ ಕೊಟ್ಟು ಹ್ಯಾಂಡಲ್ ಎತ್ತರಿಸು.

ಕಾರ್ಬನ್_ಸೀನ: ಸ್ಟೆಮ್ ಅಲ್ಲ, ಟೈರು. ನಮ್ಮ ಕನಕಪುರ ರಸ್ತೇಲಿ 25 ಎಂಎಂ ಅಗಲದ ಟೈರ್‌ಗೆ ಗಾಳಿ ಗಟ್ಟಿಯಾಗಿ ಹೊಡೆದ್ರೆ ಕೈ ಉಳಿಯುತ್ತಾ? ನಂದು 32 ಟ್ಯೂಬ್‌ಲೆಸ್, ಕಾರ್ಬನ್ ಬಾರ್. ಬೆಣ್ಣೆ.

ಜಯನಗರ_ಗೇರ್: ಫಿಟ್ ಸರಿಯಿಲ್ದೆ ಯಾವ ಟೈರ್ ಹಾಕಿದ್ರೂ ಅಷ್ಟೇ ಸೀನಣ್ಣ. ಹೋದ ಸಲಾನೂ ಇದೇ ವಾದ ಮಾಡಿದ್ರಿ.

ಫಿಸಿಯೊ_ಮಲ್ಲೇಶ್ವರಂ: ಯಾವ ಬೆರಳು ಅಂತ ಯಾರೂ ಕೇಳ್ಲೇ ಇಲ್ವಲ್ಲ?

ನಂದಿ_ರೈಡರ್: ಕಿರುಬೆರಳು, ಉಂಗುರದ ಬೆರಳು ಮೇಡಂ. ಕೈ ಅಂದ್ರೆ ಅದೇ ತಾನೆ.

ಫಿಸಿಯೊ_ಮಲ್ಲೇಶ್ವರಂ: ಅಲ್ಲ. ಕಾರ್ಪಲ್ ಟನಲ್‌ನಲ್ಲಿ ಒತ್ತೋದು ಮೀಡಿಯನ್ ನರ. ಅದರಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತೆ. ನಿಮ್ಮದು ಅಲ್ನಾರ್ ನರ, ಕಿರುಬೆರಳು, ಉಂಗುರದ ಬೆರಳ ಕಡೆ ಹೋಗೋದು. ಮೊಣಕೈಯಲ್ಲಿ ಒತ್ತಿದ್ರೆ ಕಿರುಬೆರಳ ಕಡೆ ಕೈಹಿಂಭಾಗವೂ ಮರಗಟ್ಟುತ್ತೆ, ಯಾಕಂದ್ರೆ ಆ ಭಾಗದ ಕವಲು ಮಣಿಕಟ್ಟಿಗಿಂತ ಮೇಲೇ ಬೇರೆಯಾಗುತ್ತೆ. ಹಿಂಭಾಗ ಸರಿಯಿದ್ರೆ ಮಣಿಕಟ್ಟಿನ ಗಯಾನ್ ಕೆನಾಲ್ (ಆ ನರ ಹಾದುಹೋಗೋ ಕಿರಿದಾದ ದಾರಿ) ಮೇಲೆ ಅನುಮಾನ. ಹ್ಯಾಂಡಲ್ ಒತ್ತಡದ್ದಾದ್ರೆ ಸೈಕಲ್ ಬಿಟ್ಟಾಗ ಸಾಮಾನ್ಯವಾಗಿ ಇಳಿಯುತ್ತೆ.

ನಂದಿ_ರೈಡರ್: ಹಿಂಭಾಗ ಸರಿಯಿದೆ. ಮಳೆ ಶುರುವಾದಾಗಿಂದ ಸೈಕಲ್ ಮುಟ್ಟೇ ಇಲ್ಲ, ಬರೀ ಶಟಲ್. ಕೋರ್ಟಲ್ಲಿ ಜಾರಿ ಅಂಗೈ ಊರಿದ್ದೆ. ಎಕ್ಸ್‌ರೇ ನಾರ್ಮಲ್.

ಫಿಸಿಯೊ_ಮಲ್ಲೇಶ್ವರಂ: ಇದನ್ನ ಮೊದಲೇ ಹೇಳ್ಬೇಕಲ್ವಾ! ಆ ಕೆನಾಲಿನ ಪಕ್ಕದಲ್ಲೇ ಹ್ಯಾಮೇಟ್ ಅನ್ನೋ ಮಣಿಕಟ್ಟಿನ ಮೂಳೆಯ ಕೊಕ್ಕೆ ಇರೋದು, ರ‍್ಯಾಕೆಟ್ ಹಿಡಿಯ ತುದಿ ಒತ್ತೋದೂ ಅಲ್ಲೇ. ಆ ಕೊಕ್ಕೆ ಮುರಿದ್ರೆ ಮಾಮೂಲಿ ಎಕ್ಸ್‌ರೇಲಿ ಎಷ್ಟೋ ಸಲ ತಪ್ಪಿಹೋಗುತ್ತೆ, ಸಿಟಿ ಸ್ಕ್ಯಾನಲ್ಲಿ ಕಾಣುತ್ತೆ. ಗ್ಯಾಂಗ್ಲಿಯಾನ್ ಗಂಟು, ಅಲ್ನಾರ್ ರಕ್ತನಾಳದಲ್ಲಿ ಹೆಪ್ಪು, ಹುಟ್ಟಿನಿಂದಲೇ ಇರೋ ಹೆಚ್ಚುವರಿ ಸ್ನಾಯು ಕೂಡ ಒತ್ತಬಹುದು. ಅವಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ಈಗಲೇ ಹೆಬ್ಬೆರಳು ತೋರುಬೆರಳ ನಡುವೆ ಕಾಗದ ಹಿಡಿದು ಯಾರಿಂದಾದ್ರೂ ಎಳೆಸಿ. ಹೆಬ್ಬೆರಳ ತುದಿಗೆಣ್ಣು ಮಡಚುತ್ತಾ?

ನಂದಿ_ರೈಡರ್: ಬಲಗೈಯಲ್ಲಿ ಮಡಚ್ತಿದೆ, ಎಡಗೈಯಲ್ಲಿ ಇಲ್ಲ.

ಫಿಸಿಯೊ_ಮಲ್ಲೇಶ್ವರಂ: ಹಾಗಾದ್ರೆ ಅಲ್ನಾರ್ ನರ ನಡೆಸೋ ಸ್ನಾಯು ಬಲ ಕಳ್ಕೊಳ್ತಿದೆ. ಶಟಲ್ ನಿಲ್ಲಿಸಿ, ಈ ವಾರವೇ ಹ್ಯಾಂಡ್ ಸರ್ಜನ್ ನೋಡಿ. ನರದ ಕಂಡಕ್ಷನ್ ಟೆಸ್ಟ್ ಕೇಳಿ.

ಜಯನಗರ_ಗೇರ್: ಆದ್ರೂ ಸ್ಟೆಮ್ 100 ಜಾಸ್ತೀನೇ.

ಹೆಬ್ಬಾಳ_ಹುಡುಗ: ಮೇಡಂ, ನನಗೆ ಜೋಮೇ ಇಲ್ಲ, ಬೆರಳು ಅಗಲಿಸೋಕೆ ಮಾತ್ರ ಬಲ ಇಲ್ಲ. ಇದೂ ಅದೇನಾ?

ಫಿಸಿಯೊ_ಮಲ್ಲೇಶ್ವರಂ: ಅಲ್ನಾರ್ ನರದ ಆಳದ ಕವಲು (ಸ್ನಾಯುಗಳಿಗೆ ಹೋಗೋದು) ಮಾತ್ರ ಒತ್ತಿದ್ರೆ ಹಾಗಾಗಬಹುದು. ನೀವೂ ತೋರಿಸಿ. ಬೇರೆ ಚರ್ಚೆ ತೆರೆದು ಯಾವಾಗಿಂದ, ಯಾವ ಆಟ, ಬಿದ್ದಿದ್ರಾ ಎಲ್ಲಾ ಬರೀರಿ.